ಗಂಗಾ ಟೀಚರ್ ಕಟ್ಟಿದ ಸ್ಟಾಪ್‌ವಾಚ್

ಹೊಸಪೇಟೆಯ ಮೇನ್ ಬಜಾರಿನಲ್ಲಿ ಬಟ್ಟೆ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಸಿಗುವುದೇ ಗಂಗಾಂಬಿಕಾಳ ಟೈಪಿಂಗ್ ಇನ್‌ಸ್ಟಿಟ್ಯೂಟ್. ಆ ಮೆಟ್ಟಿಲನ್ನು ಯಾರಾದರೂ ನಿಧಾನವಾಗಿ ಹತ್ತಿದ್ದನ್ನು ಕಂಡವರಿಲ್ಲ. ಟೀಚರ ಭಯ ಅಷ್ಟಿತ್ತು. ಒಳಗಿನ ಗೋಡೆ ಗಡಿಯಾರ ಊರಿನ ಗಡಿಯಾರಗಳಿಗಿಂತ ಹತ್ತು ನಿಮಿಷ ಮುಂದಿರುತ್ತಿತ್ತು. ಕೆಟ್ಟು ಹೋಗಿ ಅಲ್ಲ, ಬೇಕೆಂದೇ. "ನಮ್ಮ ಮಂದಿ ಟೈಮಿಗೆ ಬರಂಗಿಲ್ಲ. ಅದಕ್ಕ ಟೈಮನ್ನ ನಾನ ಸ್ವಲ್ಪ ಮುಂದ ಕರಕೊಂಡು ಬಂದೀನಿ" ಎನ್ನುತ್ತಿದ್ದಳು. ಹೊಸದಾಗಿ ಸೇರಿದವನೊಬ್ಬ, "ಟೀಚರ್, ನಿಮ್ಮ ಗಡಿಯಾರ ತಪ್ಪೈತ್ರಿ" ಎಂದದ್ದಕ್ಕೆ, "ತಪ್ಪಿರೋದು ನಿನ್ನ ಮೊಬೈಲು, ಕುಂದ್ರು" ಎಂದು ಬಾಯಿ ಮುಚ್ಚಿಸಿದ್ದಳು.

ಹೌದು, ಗಂಗಾಂಬಿಕಾಗೆ ಗತ್ತಿತ್ತು. ಇದ್ದರೇನು ತಪ್ಪು? ಕಂಪ್ಲಿಯ ಅಕ್ಕಿ ಗಿರಣಿ ಮನೆತನದ ಹೆಣ್ಣುಮಗಳು. ನೋಡಲು ಬಂದ ಗಂಡುಗಳನ್ನೆಲ್ಲ ಒಲ್ಲೆ ಎಂದು ವಾಪಸ್ ಕಳಿಸಿ, ಹೊಸಪೇಟೆಗೆ ಬಂದು ಟೈಪಿಂಗ್ ಕಲಿತು, ಆಮೇಲೆ ಕಲಿಸಿ, ತನ್ನ ಕಾಲ ಮೇಲೆ ತಾನು ನಿಂತವಳು. ಸುತ್ತಲಿನ ಯಾವ ಕಚೇರಿಗೆ ಹೋದರೂ ಅವಳು ಸ್ಕೇಲಿನಲ್ಲಿ ಬಾರಿಸಿ ತಿದ್ದಿದ ಬೆರಳುಗಳು ಒಂದು ಜೊತೆಯಾದರೂ ಸಿಗುತ್ತಿದ್ದವು. ಆ ಬೆರಳುಗಳ ಒಡೆಯರು ಎದ್ದು ನಿಂತು "ಕುಂದ್ರಿ ಟೀಚರ್, ಚಾ ತರಿಸ್ಲೇನ್ರಿ?" ಎಂದು ಕೇಳಿದಾಗ ಅವಳು ಕುರ್ಚಿಯಲ್ಲಿ ಕೂತು ಸುತ್ತ ನೋಡುವ ರೀತಿಯನ್ನು ನೀವು ನೋಡಬೇಕಿತ್ತು. ತಹಶೀಲ್ದಾರರೇ ಆಕೆಯ ಅರ್ಜಿದಾರರೇನೋ ಅನ್ನಿಸುತ್ತಿತ್ತು.

ಆದರೆ ಇನ್‌ಸ್ಟಿಟ್ಯೂಟ್ ನಡೆಯುತ್ತಿದ್ದ ಜಾಗ ಮಾತ್ರ ಅವಳದಲ್ಲ. ಆ ಕಟ್ಟಡ ಅವಳ ಅಣ್ಣ ಜಡೆಪ್ಪನ ಹೆಸರಿನಲ್ಲಿತ್ತು. ಕಂಪ್ಲಿಯಲ್ಲಿ ಗಿರಣಿ ನಡೆಸುವ ಜಡೆಪ್ಪ ಕೆಟ್ಟವನೇನಲ್ಲ, ತಂಗಿಯ ಮೇಲೆ ಜೀವ ಇಟ್ಟವನೇ. ಅವಳ ಕೆಲಸದ ಮೇಲೆ ಮಾತ್ರ ನಂಬಿಕೆ ಇರಲಿಲ್ಲ. ಟೈಪ್‌ರೈಟರುಗಳು ಗುಜರಿಗೆ ಹೋಗಿ ಅವುಗಳ ಜಾಗದಲ್ಲಿ ಎಂಟು ಕಂಪ್ಯೂಟರು ಬಂದು ಕೂತ ಮೇಲಂತೂ ಅವನ ಮಾತು ಜೋರಾಯಿತು. "ಟೈಪಿಂಗ್ ಯಾರ್ ಕಲೀತಾರವ್ವ ಈಗ? ಸಣ್ಣ ಸಣ್ಣ ಹುಡ್ರೂ ಮೊಬೈಲ್‌ನ್ಯಾಗ ಹೆಬ್ಬೆಟ್ಟಿಲೆ ಬಡೀತಾವು. ಒಬ್ಬಾವ ಮೊಬೈಲ್ ಅಂಗಡಿಗೆ ಈ ಜಾಗ ಕೇಳಾಕ ಹತ್ಯಾನ. ಕೊಟ್ಟುಬಿಡೋಣು. ನೀ ಊರಿಗೆ ಬಂದು ಮನ್ಯಾಗ ಆರಾಮ ಇರು."

ಆ 'ಆರಾಮ' ಎಂಬ ಮಾತು ಕೇಳಿದರೆ ಗಂಗಾಂಬಿಕಾಗೆ ಮೈಯೆಲ್ಲ ಉರಿಯುತ್ತಿತ್ತು. ಆರಾಮ ಇರಲಿಕ್ಕೆ ಅವಳಿಗೇನು ಜ್ವರ ಬಂದಿತ್ತೇ?

ಇಂಥ ಹೊತ್ತಿನಲ್ಲೇ ಸಂಡೂರಿನ ಒಂದು ಗಣಿ ಕಚೇರಿಯಿಂದ ವೀರೇಶ್ ಎಂಬ ಮ್ಯಾನೇಜರು ಮೆಟ್ಟಿಲು ಹತ್ತಿ ಬಂದ. ಅವರಿಗೆ ನಾಲ್ಕು ಜನ ಟೈಪಿಸ್ಟರು ಬೇಕಿದ್ದರು, ಪರೀಕ್ಷೆ ನಡೆಸಿಕೊಡುವವರು ಬೇಕಿದ್ದರು. "ಒಂದು ಮಾತು ಮೇಡಂ. ಯಾರು ಎಷ್ಟೊತ್ತಿನ್ಯಾಗ ಮುಗಿಸಿದ್ರು ಅಂತ ಕಂಪ್ಯೂಟರ್ರ ಹೇಳ್ಬೇಕು. ಮನುಷ್ಯರ ಕೈ ಅದರಾಗ ಇರಬಾರ್ದು. ಇಲ್ಲಾಂದ್ರ ನಾಳೆ ಇವರ ಕಡ್ಯಾವ, ಅವರ ಕಡ್ಯಾವ ಅಂತ ಜಗಳ. ನಿಮ್ಮಲ್ಲಿ ಆಗತೈತೇನ್ರಿ? ಸರಿ ಆತಂದ್ರ ಮುಂದ ಎಲ್ಲಾ ಪರೀಕ್ಷಾನೂ ಇಲ್ಲೇ ಮಾಡ್ತೀವಿ."

"ಯಾಕಾಗಂಗಿಲ್ಲ?" ಎಂದಳು ಗಂಗಾಂಬಿಕಾ. ಹೇಗಾಗುತ್ತದೆ ಎಂಬುದು ಅವಳಿಗೆ ಆ ಗಳಿಗೆಯಲ್ಲಿ ಎಳ್ಳಷ್ಟೂ ಗೊತ್ತಿರಲಿಲ್ಲ.

ಇಷ್ಟು ವರ್ಷ ವೇಗದ ಪರೀಕ್ಷೆ ನಡೆದದ್ದು ಅವಳ ಕೊರಳಲ್ಲಿ ನೇತಾಡುವ ಸ್ಟಾಪ್‌ವಾಚಿನಿಂದ. ಅವಳು "ಸ್ಟಾರ್ಟ್" ಎಂದು ಕೂಗಿದರೆ ಎಲ್ಲರೂ ಶುರು, "ಸ್ಟಾಪ್" ಎಂದರೆ ಎಲ್ಲರ ಕೈಯೂ ಮೇಲೆ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಮುಗಿಸಿದರೆ ಎಂಟು ಜನರನ್ನು ಒಂದು ವಾಚು ಹಿಡಿಯುವುದು ಹೇಗೆ? ಪೇಟೆಯಲ್ಲಿ ಸಿಕ್ಕ ಸಿದ್ಧ ಪ್ರೋಗ್ರಾಮನ್ನು ಹಾಕಿ ನೋಡಿದಳು. ಅದಕ್ಕೆ ಕನ್ನಡ ಅಕ್ಷರ ಕಂಡರೆ ತಲೆ ಕೆಡುತ್ತಿತ್ತು.

ಅಣ್ಣನಿಗೆ ಫೋನು ಹಚ್ಚಿದಳು. "ಅಣ್ಣ, ಈ ಪರೀಕ್ಷಾ ಚೊಲೋತ್ನಂಗ ನಡೀತಂದ್ರ ಜಾಗದ ಮಾತು ನೀ ಮತ್ತ ಎತ್ತಬಾರ್ದು. ಕೆಟ್ಟಿತಂದ್ರ, ಬಾಯಿ ಮುಚ್ಕೊಂಡು ಖಾಲಿ ಮಾಡ್ತೀನಿ."

"ಮಾತು ಕೊಟ್ಟಂಗಾತು ನೋಡು ಗಂಗಾ."

"ಕೊಟ್ಟಂಗ ಏನು, ಕೊಟ್ಟೇನಿ."

ಮಾತು ಕೊಟ್ಟಾಯಿತು. ಇನ್ನು ಮಾಡಿ ತೋರಿಸುವುದೊಂದು ಬಾಕಿ. ಅವಳು ನೇರ ಹೋದದ್ದು ಮಲ್ಲೇಶನ ಬಳಿಗೆ. ಒಂದು ಕಾಲಕ್ಕೆ ಅವಳ ಕೈಯಲ್ಲೇ ಏಟು ತಿಂದು ಟೈಪಿಂಗ್ ಕಲಿತ ಮಲ್ಲೇಶ ಈಗ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ. "ಲೇ ಮಲ್ಲೇಶ, ಪ್ರೋಗ್ರಾಮ್ ಬರ್ಯಾಕ ನನಗ ಜಾವಾ ಕಲಿಸು" ಎಂದು ಬಾಗಿಲಲ್ಲಿ ನಿಂತವಳನ್ನು ಕಂಡು ಪಾಪ ಅವನು ಕುರ್ಚಿಯಿಂದ ಎದ್ದೇ ಬಿಟ್ಟ.

"ನಾನ ಮಾಡಿ ಕೊಡ್ತೀನಿ ಬಿಡ್ರಿ ಟೀಚರ್. ನಿಮಗ್ಯಾಕ ತ್ರಾಸು?"

"ನೀ ಮಾಡಿದ್ದು ನಿಂದಾಗತೈತಿ. ನಂಗ ನಂದು ಬೇಕು."

ಹಾಗಾಗಿ ನಲವತ್ತು ದಾಟಿದ ಗಂಗಾಂಬಿಕಾ ಕಾಲೇಜು ಹುಡುಗರ ನಡುವೆ ಮೊದಲ ಬೆಂಚಿನಲ್ಲಿ ಕೂತಳು. ಕ್ಲಾಸಿನೊಳಗೆ ಅವನನ್ನು 'ಸರ್' ಎಂದು ಕರೆಯುತ್ತಿದ್ದಳು, ಹೊಸ್ತಿಲು ದಾಟಿದ ಕೂಡಲೇ ಮತ್ತೆ 'ಲೇ ಮಲ್ಲೇಶ'. ಅವನಿಗೆ ಎರಡೂ ಕಡೆ ಬೆವರು. ಅವಳ ಬೆರಳುಗಳ ವೇಗ ನೋಡಿ ಹುಡುಗರೆಲ್ಲ ಬಾಯಿ ತೆರೆದುಕೊಂಡು ತಿರುಗಿ ನೋಡಿದರು. ಆದರೆ ಏನು ಮಾಡುವುದು, ವೇಗವಾಗಿ ಬರೆದದ್ದೆಲ್ಲ ತಪ್ಪಾಗುತ್ತಿತ್ತು. ಸಾಲಿನ ಕೊನೆಗೆ ಒಂದು ಸಣ್ಣ ಚಿಹ್ನೆ ಬಿಟ್ಟರೆ ಸಾಕು, ಕಂಪ್ಯೂಟರು ಕೆಂಪು ಅಕ್ಷರದಲ್ಲಿ ಬೈಯುತ್ತಿತ್ತು. ಅಲ್ಪವಿರಾಮ ಬಿಟ್ಟವರ ಗೆಣ್ಣು ಕೆಂಪಗೆ ಮಾಡಿದ್ದ ಗಂಗಾಂಬಿಕಾ ಈಗ ಆ ಯಂತ್ರದಿಂದ ಬೈಸಿಕೊಂಡು ಕೂತಿದ್ದಳು. "ಎಷ್ಟು ಬೈತೀಯೋ ಬೈಯಪ್ಪ, ನಾನೂ ಬಿಡಂಗಿಲ್ಲ" ಎಂದು ಪರದೆಗೆ ಹೇಳುತ್ತಿದ್ದಳು.

ಕಡೆಗೂ ಒಂದು ದಿನ ಮಲ್ಲೇಶ ಹೇಳಿದ್ದು ಅವಳ ತಲೆಗೆ ಹೋಯಿತು. "ಜಾವಾದಾಗ ಕ್ಲಾಸ್ ಅಂದ್ರ ಅಚ್ಚು ಇದ್ದಂಗ್ರಿ ಟೀಚರ್. ಒಂದು ಅಚ್ಚು ಮಾಡಿಟ್ಕೊಂಡ್ರ ಅದರಿಂದ ಎಷ್ಟು ಬೇಕಾದ್ರೂ ತೆಗೀಬಹುದು."

"ಅಂದ್ರ ಎಂಟು ಮಂದಿಗೆ ಎಂಟು ಸ್ಟಾಪ್‌ವಾಚು! ಒಬ್ಬೊಬ್ಬರಿಗೆ ಅವರವರದು!"

"ಹೌದ್ರಿ."

"ಇಷ್ಟು ಹೇಳಾಕ ಇಷ್ಟು ದಿನ ತಗೊಂಡಿಯಲ್ಲೋ!"

ಅವಳ ಅಚ್ಚು ಬಲು ಸರಳ. ಶುರು ಎಂದಾಗ ಈಗ ಗಂಟೆ ಎಷ್ಟು ಎಂದು ಕಂಪ್ಯೂಟರನ್ನು ಕೇಳಿ ಒಂದು ಕಡೆ ಇಟ್ಟುಕೊಳ್ಳುವುದು. ಮುಗಿಯಿತು ಎಂದಾಗ ಇನ್ನೊಮ್ಮೆ ಕೇಳುವುದು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಹಿಡಿದ ಹೊತ್ತು ಸಿಕ್ಕಿತು. ಮಲ್ಲೇಶ ನೋಡಿ ತಲೆದೂಗಿದ. ಆಮೇಲೆ ಮೆಲ್ಲಗೆ, "ಟೀಚರ್, ಹೊತ್ತು ಕೇಳಾಕ ಇನ್ನೊಂದು ದಾರಿ ಐತ್ರಿ. ನ್ಯಾನೋಟೈಮ್ ಅಂತ. ಅದಕ್ಕ ಗಂಟಿ ಎಷ್ಟಂತ ಗೊತ್ತಿರಂಗಿಲ್ಲ, ಸುಮ್ಮನ ಎಣಿಸ್ಕೊಂತ ಹೋಗತೈತಿ. ಅಳತಿಗೆ ಅದ ಚೊಲೋ" ಎಂದ.

"ಗಂಟಿ ಗೊತ್ತಿಲ್ಲದ ಗಡಿಯಾರ ಕಟ್ಕೊಂಡು ನಾ ಏನ್ ಮಾಡ್ಲಿ? ತಲಿ ತಿನ್ನಬ್ಯಾಡ" ಎಂದಳು ಗಂಗಾಂಬಿಕಾ. ಮಲ್ಲೇಶ ಪಕ್ಕದ ಬೆಂಚಿಗೆ ಸರಿದುಬಿಟ್ಟ. ಏಟಿನ ನೆನಪು ಇನ್ನೂ ಹಸಿಯಾಗಿತ್ತೋ ಏನೋ.

ಕೈಯ ಸ್ಟಾಪ್‌ವಾಚು ಒತ್ತಿ, ಪ್ರೋಗ್ರಾಮನ್ನೂ ಓಡಿಸಿ ನೋಡಿದಳು. ಎರಡೂ ಒಂದನ್ನೇ ಹೇಳಿದವು. "ಎಲ್ಲಾರೂ ಎದ್ದು ಚಪ್ಪಾಳಿ ಹೊಡೀರಿ!" ಎಂದು ಕ್ಲಾಸಿಗೇ ಅಪ್ಪಣೆ ಮಾಡಿದಳು. ಹುಡುಗರು ನಗುತ್ತಾ ಹೊಡೆದರು. ಆ ದಿನ ಅವಳು ಬಜಾರಿನ ಉದ್ದಕ್ಕೂ ನೆಲಕ್ಕೆ ಕಾಲು ತಾಗದವಳ ಹಾಗೆ ನಡೆದುಹೋದಳು. ಎದುರಿಗೆ ಸಿಕ್ಕ ಹೂವು ಮಾರುವ ಜಂಬವ್ವನನ್ನೂ ಬಿಡಲಿಲ್ಲ. "ನಾನು ಕಂಪ್ಯೂಟರಿಗೆ ಗಡಿಯಾರ ಮಾಡೀನಿ ಗೊತ್ತೇನ?" ಎಂದಳು. "ಮಾಡ್ರವ್ವ, ಮಾಡ್ರಿ. ಹೂವು ಎಷ್ಟು ಮೊಳ ಕೊಡ್ಲಿ?" ಎಂದಳು ಜಂಬವ್ವ.

ಪರೀಕ್ಷೆಯ ಹಿಂದಿನ ದಿನ ಒಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಕಂಪ್ಯೂಟರುಗಳ ಮೂಲೆಯಲ್ಲಿ ಒಂದು ಟೈಮು, ಗೋಡೆಯ ಮೇಲೆ ಇನ್ನೊಂದು. ಬಂದವರು ನಗುವುದಿಲ್ಲವೇ? ಎಂಟೂ ಕಂಪ್ಯೂಟರುಗಳ ಗಡಿಯಾರವನ್ನು ಕೈಯಾರೆ ಹತ್ತು ನಿಮಿಷ ಮುಂದೆ ಮಾಡಿ ಗೋಡೆಗೆ ಸರಿ ಮಾಡಿದಳು. ಹುಡುಗರು ವಿಡಿಯೊ ನೋಡುತ್ತಾರೆಂದು ಇಂಟರ್‌ನೆಟ್ಟಿನ ಡಬ್ಬಿಯನ್ನು ಯಾವಾಗಲೂ ಆರಿಸಿಯೇ ಇಡುತ್ತಿದ್ದಳು. ಅದು ಹಾಗೇ ಇತ್ತು.

ಮರುದಿನ ಬೆಳಗ್ಗೆ ವೀರೇಶ ಎಂಟು ಜನ ಅಭ್ಯರ್ಥಿಗಳ ಜೊತೆ ಬಂದ. ಸಂಡೂರು, ಮರಿಯಮ್ಮನಹಳ್ಳಿ ಕಡೆಯವರು. ಚೋರನೂರಿನಿಂದ ಬಂದ ಶಿಲ್ಪಶ್ರೀ ಎಂಬ ಹುಡುಗಿಯಂತೂ ಎರಡೂ ಅಂಗೈ ಉಜ್ಜಿಕೊಳ್ಳುತ್ತಾ ಕೂತಿದ್ದಳು. ಜಡೆಪ್ಪನೂ ಕಂಪ್ಲಿಯಿಂದ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದು ಮೂಲೆಯ ಕುರ್ಚಿ ಹಿಡಿದ. ಗಂಗಾಂಬಿಕಾ ಜರಿ ಅಂಚಿನ ಸೀರೆಯುಟ್ಟು, ಮದುವೆ ಮನೆಯ ಯಜಮಾನಿಯ ಹಾಗೆ ಓಡಾಡಿ ಎಲ್ಲರನ್ನೂ ಕೂರಿಸಿದಳು.

ಪರೀಕ್ಷೆ ಶುರುವಾಯಿತು. ಕೋಣೆಯ ತುಂಬ ಕೀಲಿಗಳ ಸದ್ದು. ಅವಳಿಗೆ ಆ ಸದ್ದಿಗಿಂತ ಹಿತವಾದದ್ದು ಜಗತ್ತಿನಲ್ಲಿ ಬೇರೊಂದಿರಲಿಲ್ಲ. ಇತ್ತ ಜಡೆಪ್ಪನಿಗೆ ಹೊತ್ತು ಹೋಗಲೊಲ್ಲದು. ಫೋನು ತೆಗೆದ, ಸಿಗ್ನಲ್ಲು ಬರಲಿಲ್ಲ. ಪಕ್ಕದಲ್ಲೇ ಆರಿ ಕೂತಿದ್ದ ಇಂಟರ್‌ನೆಟ್ಟಿನ ಡಬ್ಬಿ ಕಂಡಿತು. ಸ್ವಿಚ್ಚು ಒತ್ತಿ, ಆರಾಮವಾಗಿ ಭತ್ತದ ಧಾರಣೆ ನೋಡುತ್ತಾ ಕೂತ.

ಸ್ವಲ್ಪ ಹೊತ್ತಿಗೆ ಶಿಲ್ಪಶ್ರೀ ಎಲ್ಲರಿಗಿಂತ ಮೊದಲು ಮುಗಿಸಿ ಕೈ ಎತ್ತಿದಳು. ವೀರೇಶ ಬಗ್ಗಿ ಪರದೆ ನೋಡಿದ. ಇನ್ನಷ್ಟು ಬಗ್ಗಿದ. ಆಮೇಲೆ ನಕ್ಕುಬಿಟ್ಟ.

"ಏನ್ ಮೇಡಂ ಇದು? ಮೈನಸ್ ಮೂರು ನಿಮಿಷ ತೋರಸ್ತೈತಿ! ಈ ಹುಡುಗಿ ಶುರು ಮಾಡಾಕಿಂತ ಮುಂಚೇನ ಮುಗಿಸ್ಯಾಳೇನು?"

ಶಿಲ್ಪಶ್ರೀಯ ಕಣ್ಣಲ್ಲಿ ನೀರು. "ಟೀಚರ್, ನಾ ಏನೂ ಮಾಡಿಲ್ರಿ, ದೇವರಾಣಿ." ಅಷ್ಟರಲ್ಲಿ ಇನ್ನೊಬ್ಬ ಮುಗಿಸಿದ, ಅವನದೂ ಮೈನಸ್ಸು. ಮತ್ತೊಬ್ಬಳದೂ ಮೈನಸ್ಸು. ಇಡೀ ಕೋಣೆ ಕಿಸಿಕಿಸಿ ಎಂದಿತು.

ಜಡೆಪ್ಪ ಮಾತ್ರ ನಗಲಿಲ್ಲ. ತಂಗಿಯ ಬಳಿ ಬಂದು ಮೆತ್ತಗೆ, "ಹೋಗ್ಲಿ ಬಿಡವ್ವ ಗಂಗಾ. ಇಷ್ಟು ಮಾಡಿದ್ದ ದೊಡ್ಡದು. ನಡಿ ಊರಿಗೆ ಹೋಗೋಣು" ಎಂದ. ಅವನು ನಕ್ಕಿದ್ದರೆ ಅವಳು ಸಹಿಸುತ್ತಿದ್ದಳೋ ಏನೋ. ಆ ಕನಿಕರ ಮಾತ್ರ ಕಪಾಳಕ್ಕೆ ಹೊಡೆದ ಹಾಗಾಯಿತು.

ಅವಳು ಪರದೆಯನ್ನೇ ದಿಟ್ಟಿಸಿದಳು. ಮೂಲೆಯ ಗಡಿಯಾರ ನೋಡಿದಳು, ಗೋಡೆ ನೋಡಿದಳು. ನಿನ್ನೆ ತಾನೇ ಸರಿ ಮಾಡಿದ್ದು, ಈಗ ಮತ್ತೆ ಹತ್ತು ನಿಮಿಷ ಹಿಂದೆ ಬಿದ್ದಿತ್ತು.

"ಇಂಟರ್‌ನೆಟ್ ಯಾರು ಹಚ್ಚಿದ್ರಿ?"

"ನಾನ" ಎಂದ ಜಡೆಪ್ಪ. "ಯಾಕ? ಏನಾತು?"

ಆಗ ಅವಳಿಗೆ ಎಲ್ಲ ಬಿಡಿಸಿದ ಹಾಗೆ ಕಂಡಿತು. ಡಬ್ಬಿ ಹೊತ್ತಿಕೊಂಡದ್ದೇ ತಡ, ಕಂಪ್ಯೂಟರುಗಳು ಹೊರಗಿನ ಸರಿಯಾದ ಟೈಮು ಕೇಳಿಕೊಂಡು ತಮ್ಮ ಗಡಿಯಾರವನ್ನು ಹಿಂದಕ್ಕೆ ತಿರುವಿಕೊಂಡಿದ್ದವು. ಶುರುವಾದದ್ದು ಅವಳ ಟೈಮಿನಲ್ಲಿ, ಮುಗಿದದ್ದು ಊರಿನ ಟೈಮಿನಲ್ಲಿ. ಕಳೆದರೆ ಮೈನಸ್ಸಲ್ಲದೆ ಮತ್ತೇನು ಬಂದೀತು?

ಅಣ್ಣನ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಸ್ವಿಚ್ಚು ಒತ್ತಿದವನು ಅವನೇ, ಎಲ್ಲರೂ ಕೇಳಿಸಿಕೊಂಡಿದ್ದರು, ಪಂಥವೂ ಉಳಿಯುತ್ತಿತ್ತು. ಬಾಯಿ ತುದಿಗೆ ಬಂದೂ ಬಿಟ್ಟಿತ್ತು. ಆದರೆ ಒಂದು ಸ್ವಿಚ್ಚಿಗೆ ಕೆಡುವ ಸ್ಟಾಪ್‌ವಾಚನ್ನು ಕಟ್ಟಿದವಳು ಯಾರು? ಗಡಿಯಾರ ಮುಂದೆ ಮಾಡಿದವಳು ಯಾರು? ಗಂಗಾಂಬಿಕಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತಪ್ಪು ನಂದ್ರಿ ವೀರೇಶ್ ಅವ್ರ. ಈ ಮಕ್ಕಳದಲ್ಲ, ನಮ್ಮಣ್ಣಂದೂ ಅಲ್ಲ. ಗಡಿಯಾರ ಹತ್ತು ನಿಮಿಷ ಮುಂದ ಮಾಡಿದ್ದು ನಾನು. ನಡುವ ಅದು ಸರಿ ಆಗೇತಿ."

ವೀರೇಶ ಒಳ್ಳೆಯ ಮನುಷ್ಯ. "ಅಷ್ಟೇನ್ರಿ? ಹಂಗಾರ ಎಲ್ಲಾರಿಗೂ ಹತ್ತು ನಿಮಿಷ ಕೂಡಿಸಿಬಿಡ್ರಿ. ಮುಗೀತು" ಎಂದ.

ಎಷ್ಟು ಸುಲಭ! ಜಡೆಪ್ಪನೂ ಹೌದೆಂದು ತಲೆಯಾಡಿಸಿದ. ಗಂಗಾಂಬಿಕಾ ಮಾತ್ರ ಒಪ್ಪಲಿಲ್ಲ. "ಕೈಲೆ ತಿರುವಿದ ಗಡಿಯಾರ ಎಂಟೂ ಒಂದ ಸಮ ಇರಂಗಿಲ್ರಿ. ಒಂದರಾಗ ಹತ್ತು, ಒಂದರಾಗ ಹತ್ತಕ್ಕ ಸ್ವಲ್ಪ ಕಡಿಮಿ. ಆ ಸ್ವಲ್ಪದಾಗ ಒಬ್ಬಾಕಿ ನೌಕರಿ ಹೋಗತೈತಿ. ಅಂದಾಜು ಮಾಡಾಕ ನನ್ನ ಹತ್ರ ಯಾಕ ಬರ್ಬೇಕಿತ್ತು ನೀವು? ಒಂದು ತಾಸು ಕೊಡ್ರಿ. ಹೊಸಾ ಪಾಠ, ಹೊಸಾ ಪರೀಕ್ಷಾ."

"ಊಟದ ತನಕ ನೋಡೋಣ್ರಿ. ಆಮ್ಯಾಲ ನಾ ನಿಲ್ಲಂಗಿಲ್ಲ."

ಅಭ್ಯರ್ಥಿಗಳನ್ನೆಲ್ಲ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಬನ್ನಿ ಎಂದು ಕೆಳಗೆ ಅಟ್ಟಿ, ಅವಳು ಕಂಪ್ಯೂಟರಿನ ಮುಂದೆ ಕೂತಳು. ಕೊರಳಿನ ವಾಚು ಮೇಜಿಗೆ ಬಡಿಯಿತು. ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಇಷ್ಟು ವರ್ಷ ಕೊರಳಲ್ಲಿ ಹೊತ್ತು ತಿರುಗಿದ್ದಾಳೆ, ಇದು ಒಂದು ದಿನವಾದರೂ ಗಂಟೆ ಎಷ್ಟು ಎಂದು ಹೇಳಿದ್ದುಂಟೇ? ಸೊನ್ನೆಯಿಂದ ಹೊರಟು ಎಣಿಸುವುದಷ್ಟೇ ಅದಕ್ಕೆ ಗೊತ್ತು. ಊರಿನ ಗಡಿಯಾರ ಮುಂದಿರಲಿ ಹಿಂದಿರಲಿ ಅದಕ್ಕೇನು? ಅಯ್ಯೋ ನನ್ನ ಶಿವನೇ, ತಾನು ಕಟ್ಟಿದ್ದು ಸ್ಟಾಪ್‌ವಾಚೇ ಅಲ್ಲ, ಗೋಡೆ ಗಡಿಯಾರ! ಮಲ್ಲೇಶ ಇದನ್ನೇ ಹೇಳಿದಾಗ ತಾನೇ ಬೈದು ಬಾಯಿ ಮುಚ್ಚಿಸಿದ್ದಳು.

ಅಚ್ಚಿನಲ್ಲಿ ಗಂಟೆ ಕೇಳುತ್ತಿದ್ದ ಎರಡು ಕಡೆಯೂ ಅಳಿಸಿ ನ್ಯಾನೋಟೈಮ್ ಎಂದು ಬರೆದಳು. ಓಡಿಸಿದಳು. ಪರದೆಯ ಮೇಲೆ ರೈಲಿನಷ್ಟು ಉದ್ದದ ಅಂಕಿ ಬಂತು. ಮಲ್ಲೇಶನಿಗೆ ಫೋನು ಹಚ್ಚಿದಳು.

"ಬರ್ಲೇನ್ರಿ ಟೀಚರ್?"

"ಬಂದ್ರ ಕಾಲು ಮುರೀತೀನಿ. ಈ ಅಂಕಿ ಯಾಕ ಇಷ್ಟುದ್ದ ಐತಿ, ಅದನ್ನ ಹೇಳು."

"ಅದು ಸೆಕೆಂಡಿಗೆ ನೂರು ಕೋಟಿ ಎಣಿಸ್ತೈತ್ರಿ. ನೂರು ಕೋಟಿಲೆ ಭಾಗಿಸ್ರಿ."

"ನೀ ಹೇಳಿದ್ದು ಖರೆ ಇತ್ತಪ್ಪ ಮಲ್ಲೇಶ. ನಾ ಕೇಳಲಿಲ್ಲ" ಎಂದಳು. ಟೀಚರ ಬಾಯಲ್ಲಿ ಇಂಥ ಮಾತು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಭಾಗಿಸಿದಳು. ಪೆನ್‌ಡ್ರೈವಿನಲ್ಲಿ ಎಂಟೂ ಕಂಪ್ಯೂಟರಿಗೆ ಹಾಕಿದಳು. ಎಲ್ಲರೂ ಎಣ್ಣೆ ಕೈ ಒರೆಸಿಕೊಂಡು ಮೇಲೆ ಬಂದಾಗ, ಯಾರನ್ನೂ ಕೂರಲು ಬಿಡದೆ, "ಅಣ್ಣ, ಬಾ ಇಲ್ಲಿ" ಎಂದು ಕರೆದಳು. ತನ್ನ ಕೊರಳ ವಾಚನ್ನು ತೆಗೆದು ವೀರೇಶನ ಕೈಗೆ ಕೊಟ್ಟಳು. ಆ ವಾಚು, ತನ್ನ ಪ್ರೋಗ್ರಾಮು ಎರಡನ್ನೂ ಒಟ್ಟಿಗೆ ಶುರು ಮಾಡಿಸಿದಳು.

"ಈಗ ಕಂಪ್ಯೂಟರಿನ ಗಡಿಯಾರಾನ ನಿನ್ನ ಮನಸ್ಸಿಗೆ ಬಂದಂಗ ತಿರುವಣ್ಣ. ಇಂಟರ್‌ನೆಟ್ಟೂ ಹಚ್ಚು. ಏನ್ ಬೇಕಾದ್ರೂ ಮಾಡು."

ಜಡೆಪ್ಪ ಅಳುಕುತ್ತಾ ಅವಳು ತೋರಿಸಿದಂತೆ ಒತ್ತಿದ. ಮೊದಲು ಒಂದು ಗಂಟೆ ಹಿಂದೆ. ಆಮೇಲೆ ಉಮೇದು ಬಂತು, ಹೋದ ವರ್ಷದ ಯುಗಾದಿಗೆ ಒಯ್ದು ನಿಲ್ಲಿಸಿದ. ಹುಡುಗರು ನಕ್ಕರು. "ಸಾಕಾ? ಈಗ ನಿಲ್ಸ್ರಿ ಎರಡೂ" ಎಂದಳು. ವೀರೇಶ ಕೈಯ ವಾಚು ನೋಡಿದ, ಪರದೆ ನೋಡಿದ. ಎರಡೂ ಒಂದೇ ಹೇಳುತ್ತಿದ್ದವು.

"ಮಸ್ತ್ ಐತ್ರಿ ಮೇಡಂ!" ಎಂದ. ಗಂಗಾಂಬಿಕಾಗೆ ಹೆಮ್ಮೆ ಉಕ್ಕಿ ಬಂತು. ಅದನ್ನು ಬಚ್ಚಿಡುವ ಅಭ್ಯಾಸ ಅವಳಿಗೆ ಮೊದಲೇ ಇರಲಿಲ್ಲ. "ಮತ್ತ? ಯಾರು ಮಾಡಿದ್ದು?" ಎಂದಳು.

ಎರಡನೆಯ ಪರೀಕ್ಷೆ ಒಂದು ತಕರಾರೂ ಇಲ್ಲದೆ ಮುಗಿಯಿತು. ಶಿಲ್ಪಶ್ರೀ ಈ ಸಲ ಮೂರನೆಯವಳಾಗಿ ಬಂದಳು, ನೌಕರಿ ನಾಲ್ಕಿದ್ದವು. ಅವಳು ಟೀಚರ ಕಾಲು ಮುಟ್ಟಲು ಬಗ್ಗಿದಾಗ, "ನನ್ನ ಕಾಲು ಬ್ಯಾಡ, ನಿನ್ನ ಬೆರಳಿಗೆ ಕೈ ಮುಗಿ" ಎಂದು ಎಬ್ಬಿಸಿದಳು. ಮುಂದಿನ ಪರೀಕ್ಷೆಗೂ ಇಲ್ಲೇ ಬರುತ್ತೇವೆಂದು ಹೇಳಿ ವೀರೇಶ ಎಲ್ಲರನ್ನೂ ಕರೆದುಕೊಂಡು ಹೋದ.

ಕೋಣೆಯಲ್ಲಿ ಅಣ್ಣ ತಂಗಿ ಉಳಿದರು. ಗಂಗಾಂಬಿಕಾ ಅವನ ಎದುರು ಬಂದು ನಿಂತಳು. ತಲೆ ತಗ್ಗಿರಲಿಲ್ಲ.

"ಅಣ್ಣ, ಮಾತಂದ್ರ ಮಾತು. ಮೊದಲನೇ ಪರೀಕ್ಷಾ ಕೆಟ್ಟಿತು. ನಾ ಸೋತೆ. ಜಾಗ ನಿನ್ನದು. ಕಂಪ್ಯೂಟರ್ ಇಡಾಕ ಬ್ಯಾರೆ ಕಡೆ ನೋಡ್ಕೋತೀನಿ. ಆದ್ರ ಊರಿಗೆ ಮಾತ್ರ ಬರಂಗಿಲ್ಲ."

ಜಡೆಪ್ಪ ಅವಳ ಮುಖವನ್ನೇ ನೋಡಿದ. ಸ್ವಿಚ್ಚು ಒತ್ತಿದವನು ತಾನು. ಅಷ್ಟು ಜನರ ಮುಂದೆ ತಪ್ಪು ತನ್ನದೆಂದವಳು ಇವಳು. ಅವನು ಜೇಬಿನಿಂದ ಫೋನು ತೆಗೆದು ಮೊಬೈಲ್ ಅಂಗಡಿಯವನಿಗೆ ಹಚ್ಚಿದ.

"ನಮಸ್ಕಾರ್ರೀ, ಜಡೆಪ್ಪ ಮಾತಾಡ್ತೀನಿ. ಆ ಮೇನ್ ಬಜಾರ್ ಜಾಗ ಕೊಡಂಗಿಲ್ರಿ... ಇಲ್ಲ, ಬಾಡಿಗಿ ಜಾಸ್ತಿ ಕೊಡ್ತೀನಂದ್ರೂ ಇಲ್ಲ... ಅಲ್ಲಿ ನಮ್ಮ ತಂಗಿ ಇನ್‌ಸ್ಟಿಟ್ಯೂಟ್ ಐತ್ರಿ."

ಫೋನು ಜೇಬಿಗಿಟ್ಟು ತಂಗಿಯ ಕಡೆ ತಿರುಗಿದ.

"ನೀ ಸೋತಿದ್ದು ಖರೆ ಗಂಗಾ. ನಾ ಗೆದ್ದೆ. ಗೆದ್ದದ್ದನ್ನ ಯಾರಿಗೆ ಕೊಡಬೇಕನ್ನೋದು ನನ್ನಿಷ್ಟ."

ಗಂಗಾಂಬಿಕಾ ಏನೋ ಒಂದು ಖಾರದ ಮಾತು ಹೇಳಲು ಬಾಯಿ ತೆರೆದಳು. ಬಂದದ್ದು ಅಳು. ಅದನ್ನೂ ಅವಳು ಬಚ್ಚಿಡಲಿಲ್ಲ.